ಕೊಡಗಿನಲ್ಲಿ ನಿಜವಾದ ಮಳೆಕಾಡು ಎಲ್ಲಿ ನೋಡಬಹುದು? ಸಿಂಗಳೀಕ ಸಿಗುತ್ತಾ?

ಕುಶಾಲನಗರದಿಂದ
ವರ್ಗವಾಗಿ ಕುಶಾಲನಗರಕ್ಕೆ ಬಂದು ಎರಡು ವರ್ಷ ಆಯ್ತು. ದುಬಾರೆ, ನಿಸರ್ಗಧಾಮ, ಅಬ್ಬಿ ಎಲ್ಲಾ ನೋಡಿದ್ದೇವೆ. ಮಗಳು ಆರನೇ ಕ್ಲಾಸು. ಪುಸ್ತಕದಲ್ಲಿ ಸಿಂಗಳೀಕ ಅನ್ನೋ ಕಪ್ಪು ಕೋತಿಯ ಚಿತ್ರ ನೋಡಿದಾಗಿನಿಂದ "ಇದು ನಮ್ಮ ಜಿಲ್ಲೆಯಲ್ಲೇ ಇದೆಯಂತೆ ಅಮ್ಮ, ಯಾಕೆ ತೋರಿಸಿಲ್ಲ" ಅಂತ ಒಂದೇ ಹಠ. ಕಳೆದ ವರ್ಷ ಒಂದು ಹೋಂಸ್ಟೇಯವರು ಮಳೆಕಾಡು ತೋರಿಸುತ್ತೇವೆ ಅಂತ ದುಡ್ಡು ತಗೊಂಡು ಕಾಪಿ ತೋಟದಲ್ಲೇ ಒಂದು ಗಂಟೆ ಸುತ್ತಿಸಿದರು, ಮಗು ಅತ್ತೇ ಬಿಟ್ಟಳು. ಜೊತೆಗೆ ಅತ್ತೆಯವರೂ ಬರುತ್ತಾರೆ, ಅವರಿಗೆ ಮಂಡಿ ನೋವು. ಎಲ್ಲಿಗೆ, ಯಾವಾಗ ಹೋಗೋದು?

ಕಕ್ಕಬ್ಬೆಯವನು
ಅಕ್ಕ, ನೀವಿರುವ ಕಡೆ ಮಳೆ ಕಡಿಮೆ. ಅಲ್ಲಿನದು ಬಿದಿರು, ತೇಗದ ಕಾಡು, ಬೇಸಿಗೆಯಲ್ಲಿ ಎಲೆ ಉದುರುತ್ತದೆ. ವರ್ಷವಿಡೀ ಹಸಿರಾಗಿರುವ ಕಾಡು ಬೇಕಂದ್ರೆ ಪಶ್ಚಿಮದ ಅಂಚಿಗೆ ಬರಬೇಕು. ದಕ್ಷಿಣದಲ್ಲಿ ಬ್ರಹ್ಮಗಿರಿ ವನ್ಯಧಾಮ, 1974ರದ್ದು, 181 ಚದರ ಕಿಲೋಮೀಟರ್. ಆಮೇಲೆ ತಲಕಾವೇರಿ, ಪುಷ್ಪಗಿರಿ, ಎರಡೂ 1987ರವು. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ಜಾಗಗಳಲ್ಲಿ ಈ ಮೂರೂ ಇವೆ, ನಮ್ಮ ಪಡಿನಾಲ್ಕುನಾಡು ಮೀಸಲು ಅರಣ್ಯವೂ ಇದೆ.

ಅತ್ತೆಯವರು ಬರುವುದಾದರೆ ಬ್ರಹ್ಮಗಿರಿ ತಪ್ಪಲಿನ ಇರ್ಪು ಜಲಪಾತ ಸರಿ. ರಾಮೇಶ್ವರ ದೇವಸ್ಥಾನದಿಂದ ಜಲಪಾತಕ್ಕೆ ಸ್ವಲ್ಪ ದೂರ, ಕೊನೆಗೆ ಮೆಟ್ಟಿಲಿದೆ. ಅವರು ಕೆಳಗೇ ಕೂತರೂ ಕಾಡಿನ ನೆರಳು ಸಿಗುತ್ತದೆ. ಬ್ರಹ್ಮಗಿರಿ ಬೆಟ್ಟ ಹತ್ತುವುದಾದರೆ ಅರಣ್ಯ ಇಲಾಖೆ ಅನುಮತಿ ಬೇಕು, ಗೈಡ್ ಜೊತೆಯೇ ಹೋಗಬೇಕು. ಆನೆ ಇದೆ, ಸುಮ್ನೆ ಹೇಳುತ್ತಿಲ್ಲ. ಮಳೆಗಾಲದಲ್ಲೂ ಬೆಂಕಿ ಬೀಳುವ ಬೇಸಿಗೆಯಲ್ಲೂ ಚಾರಣ ನಿಲ್ಲಿಸುತ್ತಾರೆ, ಹೊರಡುವ ಮೊದಲು ಕೇಳಿಕೊಳ್ಳಿ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಮುಗಿದ ಮೇಲೆ ನಮ್ಮ ಸುಗ್ಗಿ ಹಬ್ಬ ಹುತ್ತರಿವರೆಗೆ ಒಳ್ಳೆ ಸಮಯ.

ಸಿಂಗಳೀಕದ ಬಗ್ಗೆ ಮಗುವಿಗೆ ಮಾತು ಕೊಡಬೇಡಿ. ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿ ಕಡೆ ಇವೆ. ಆದರೆ ಅವು ಮರದ ನೆತ್ತಿಯಲ್ಲೇ ಹಣ್ಣು ತಿಂದುಕೊಂಡು ಇರುವಂಥವು, ಕೆಳಗಿಳಿಯೋದೇ ಅಪರೂಪ. ಕೆಳಗಿನಿಂದ ಕೊಂಬೆ ಅಲ್ಲಾಡಿದ್ದು ಮಾತ್ರ ಕಾಣುತ್ತದೆ. ನಾನು ಹುಟ್ಟಿ ಬೆಳೆದಿದ್ದೇ ಇಲ್ಲಿ, ಆ ಬಿಳಿ ಕೇಸರವನ್ನು ಸರಿಯಾಗಿ ನೋಡಿರೋದು ಎರಡೇ ಸಲ. ಅಕಸ್ಮಾತ್ ರಸ್ತೆ ಬದಿ ಸಿಕ್ಕರೆ ದಯವಿಟ್ಟು ಬಾಳೆಹಣ್ಣು ಕೊಡಬೇಡಿ. ರಸ್ತೆಯ ರುಚಿ ಹತ್ತಿದರೆ ಗಾಡಿಯಡಿಗೆ ಸಿಕ್ಕಿ ಸಾಯುತ್ತವೆ.

ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಕಲಸಿ ಕಾಲಿಗೆ ಸವರಿಕೊಳ್ಳಿ.

ಹೊಳೆಬದಿ
ಸವರಿಕೊಂಡು ದಯವಿಟ್ಟು ತೊರೆಗೆ ಕಾಲಿಡಬೇಡಿ ಮೇಡಂ. ಕಪ್ಪೆಯ ಚರ್ಮ ನೀರಿನಲ್ಲಿ ಇರುವುದನ್ನೆಲ್ಲ ಹೀರಿಕೊಳ್ಳುತ್ತದೆ. ದಪ್ಪ ಉದ್ದ ಸಾಕ್ಸ್ ಹಾಕಿ, ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ, ಸಾಕು.

ನಿಮ್ಮ ಮಗಳಿಗೆ ನಾನು ಹೇಳೋದು ಕುಣಿಯುವ ಕಪ್ಪೆ. ಪಶ್ಚಿಮಘಟ್ಟ ಬಿಟ್ಟರೆ ಇವು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 2014ರಲ್ಲಿ ಒಂದೇ ಸಲಕ್ಕೆ 14 ಹೊಸ ಜಾತಿ ಗುರುತಿಸಿದರು. ಮಳೆ ಇಳಿದ ಮೇಲೆ, ನೆರಳಿನ ತೊರೆಯಲ್ಲಿ, ಒದ್ದೆ ಕಲ್ಲಿನ ಮೇಲೆ ಹೆಬ್ಬೆರಳಿನಷ್ಟು ಕಂದು ಕಪ್ಪೆ ಕೂತಿರುತ್ತದೆ. ಕಲ್ಲಿನ ಬಣ್ಣವೇ, ಮೊದಲು ಕಾಣೋದೇ ಇಲ್ಲ. ಹತ್ತು ನಿಮಿಷ ಅಲ್ಲಾಡದೆ ಕೂರಿ. ಗಂಡು ಒಂದೆರಡು ಸಲ ಕೂಗಿ, ಹಿಂಗಾಲನ್ನು ನಿಧಾನಕ್ಕೆ ಎತ್ತಿ, ಹಿಂದಕ್ಕೆ ಪೂರ್ತಿ ಚಾಚಿ, ಬೆರಳು ಬಿಡಿಸುತ್ತದೆ. ನಡುವಿನ ಪೊರೆ ಬೆಳ್ಳಗೆ ಮಿಂಚಿ ಮತ್ತೆ ಮಡಚಿಕೊಳ್ಳುತ್ತದೆ. ನೀರಿನ ಸದ್ದಿನಲ್ಲಿ ಕೂಗು ಕೇಳಿಸೋದು ಕಷ್ಟ ಅಲ್ವಾ, ಅದಕ್ಕೆ ಕಾಲು ಬೀಸಿ ಹೇಳುತ್ತದೆ. ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು, ಕ್ಲಿಕ್ ಮಾಡೋದೇ ಮರೆತೆ.

ಮಂಗಟ್ಟೆ
ಇರ್ಪಿಗೆ ಶನಿವಾರ ಭಾನುವಾರ ಹೋದರೆ ಜನರ ಗಲಾಟೆ ಬಿಟ್ಟು ಏನೂ ಕೇಳಿಸುವುದಿಲ್ಲ. ವಾರದ ನಡುವೆ ಒಂದು ದಿನ ರಜೆ ಹಾಕಿ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಎತ್ತರದ ಮರದಿಂದ ಯಾರೋ ಮುದುಕ ಗಹಗಹಿಸಿ ನಕ್ಕಂತೆ ಕೇಳಿದರೆ ಅದು ಮಲಬಾರ್ ಬೂದು ಮಂಗಟ್ಟೆ, ಅದೂ ಘಟ್ಟದ್ದೇ ಹಕ್ಕಿ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡು ಮೊಟ್ಟೆ ಇಡುತ್ತದೆ, ಸಣ್ಣ ಸೀಳಿನಲ್ಲಿ ಗಂಡು ಹಣ್ಣು ತಂದುಕೊಡುತ್ತದೆ. ಜನ ನಿಂತಿದ್ದರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿರುವವು ಉಪವಾಸ. ಅದಕ್ಕೇ ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವ ಗೈಡ್ ಬೇಡವೇ ಬೇಡ ಅನ್ನಿ.

ಕುಶಾಲನಗರದಿಂದ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಸಿಂಗಳೀಕ ಸಿಗದಿದ್ದರೂ ಪರವಾಗಿಲ್ಲ, ಕಪ್ಪೆ ನೋಡದೆ ವಾಪಸ್ ಬರಲ್ಲ ಅಂತಾಳೆ. ನವೆಂಬರ್‌ನಲ್ಲಿ ಒಂದು ಬುಧವಾರ ಹೊರಡುತ್ತೇವೆ. ಹೊಳೆಬದಿಯವರೇ, ಮಕ್ಕಳ ಜೊತೆ ತೊರೆ ಹತ್ತಿರ ಕೂರಲು ಇರ್ಪಿನ ಕೆಳಗಿನ ಜಾಗ ಸಾಕಾ, ಇಲ್ಲ ಗೈಡ್ ಕರೆದುಕೊಂಡು ಮೇಲೆ ಹೋಗಬೇಕಾ?

ಹೊಳೆಬದಿ
ಗೈಡ್ ಜೊತೆ ಹೋಗಿ ಮೇಡಂ, ಜಲಪಾತದ ಬಂಡೆ ಜಾರುತ್ತದೆ. ಮರಗಳ ನೆರಳಿರುವ ಸಣ್ಣ ತೊರೆಗೆ ಕರೆದುಕೊಂಡು ಹೋಗಿ ಅಂತ ಅವರನ್ನು ಕೇಳಿ.