"ಎರಡು ಅಜ್ಜಿ ಬರುತ್ತಾ?" ಅನ್ನುವ ಮಗನಿಗೆ ಹೇಗೆ ಹೇಳಿಕೊಡಲಿ?

ಹಾಸನ – ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಬರೆಯುತ್ತಿರುವುದು ಇದೇ ಮೊದಲು. ಮಗನಿಗೆ ಏಳು ವರ್ಷ, ಸೆಕೆಂಡ್ ಗ್ರೇಡ್. ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತೆ, ಮಾತೂ ಆಡುತ್ತಾನೆ. ಆದರೆ "ಎರಡು ಅಂಕಲ್ ಬಂತು", "ಒಂದು ಹುಡುಗ ನನ್ನ ಪಕ್ಕ ಕೂತಿತ್ತು" ಅನ್ನುತ್ತಾನೆ. ಹೋದ ವಾರ ವಿಡಿಯೋ ಕಾಲ್‌ನಲ್ಲಿ ಅತ್ತೆ ಮಾವನಿಗೆ "ಹಾಯ್ ಗೈಸ್" ಅಂದ. ಮಾವ ನಕ್ಕರು. ಅತ್ತೆ ಆಮೇಲೆ ನನ್ನ ಗಂಡನಿಗೆ ಬೇರೆಯಾಗಿ ಫೋನ್ ಮಾಡಿ, "ಗೈ ಅಂದ್ರೆ ಗಂಡಸು ಅಲ್ವೇನೋ? ನನ್ನನ್ನೂ ಸೇರಿಸಿ ಹಾಗಂದನಾ?" ಅಂತ ಕೇಳಿದರು.

ಮೊನ್ನೆ ಸ್ಕೂಲಿನಿಂದ ಒಂದು ಹಾಳೆ ತಂದ. ಪರ್ಸನ್ ಅನ್ನುವುದಕ್ಕೆ ಬೇರೆ ಪದಗಳನ್ನು ಬರೆಯಬೇಕು. ಪೆನ್ಸಿಲ್ ಒತ್ತಿ ಒತ್ತಿ ಬರೆದ: ಹ್ಯೂಮನ್, ಮ್ಯಾನ್, ವುಮನ್, ಕಿಡ್, ಗೈ, ಲೇಡಿ, ಅಡಲ್ಟ್, ಫೋಕ್ಸ್, ಡೂಡ್. ಒಂಬತ್ತಾಯಿತು. "ಅಮ್ಮಾ, ಕನ್ನಡದಲ್ಲಿ ಎಷ್ಟಿದೆ?" ಅಂದ. ನಾನು ಮನುಷ್ಯ, ಜನ ಅಂದು ನಿಂತುಬಿಟ್ಟೆ. "ಅಷ್ಟೇನಾ?" ಅಂದ. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಜೂನ್‌ನಲ್ಲಿ ನನ್ನ ಅಮ್ಮ, ಅತ್ತೆ ಇಬ್ಬರೂ ಬರುತ್ತಿದ್ದಾರೆ. ಅಷ್ಟರಲ್ಲಿ ತಿದ್ದುವುದು ಹೇಗೆ? ತಪ್ಪು ಅಂದರೆ ಮುಖ ಸಪ್ಪೆ ಮಾಡಿಕೊಂಡು ಇಂಗ್ಲಿಷಿಗೆ ಹೋಗಿಬಿಡುತ್ತಾನೆ.

ಧಾರವಾಡ – ನ್ಯೂಜೆರ್ಸಿ:
ಮಂದಿ ಮರೆತುಬಿಟ್ರಲ್ಲ ಅಕ್ಕಾ! ನಮ್ಮ ಕಡೆ ಎಲ್ಲಾ ಮಂದಿನೇ. ಕೂಸು ಇದೆ, ಪೋರ ಇದೆ. ಮತ್ತೆ ಅವ್ವ ಬಂತು ಅಂತ ನಮ್ಮಲ್ಲಿ ಹೇಳುವುದುಂಟು, ಅದರಲ್ಲಿ ಪ್ರೀತಿ ಜಾಸ್ತಿ. ನಿಮ್ಮ ಹುಡುಗ ಅಜ್ಜಿ ಬಂತು ಅಂದರೆ ನನಗಂತೂ ಬೇಜಾರಾಗಲ್ಲ.

ಮಂಡ್ಯ – ಮೆಲ್ಬೋರ್ನ್:
ಹೈಕ್ಳು ಸೇರಿಸಿ, ಮಕ್ಕಳು ಅಂತ ಅರ್ಥ. ನಮ್ಮ ತಾತ ಬಾಯಿ ತೆಗೆದರೆ ಅದೇ ಪದ.

ಶಿವಮೊಗ್ಗ – ಸಿಯಾಟಲ್:
ನಾನು ಭಾನುವಾರದ ಕನ್ನಡ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತೇನೆ. ಅಲ್ಲೂ ಹೆಚ್ಚುಕಡಿಮೆ ಎಲ್ಲರದ್ದೂ ಇದೇ ತಪ್ಪು. ಅಷ್ಟೇನಾ ಅಂದವನಿಗೆ ಇದನ್ನು ಹೇಳಿ ನೋಡಿ. ಇಂಗ್ಲಿಷಿನಲ್ಲಿ ನಾಯಿಗೂ ಒನ್, ಹುಡುಗನಿಗೂ ಒನ್. ನಮ್ಮಲ್ಲಿ ಒಂದು ನಾಯಿ, ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಬ್ಬರು ಅಜ್ಜಿ. ಇಬ್ಬರು, ಮೂವರು, ನಾಲ್ವರು, ಐವರು. ಆಮೇಲೆ ಆರು ಜನ, ಏಳು ಜನ. ಎಣಿಸುವಾಗಲೇ ಮನುಷ್ಯರನ್ನು ಬೇರೆ ಕೂರಿಸುತ್ತೇವೆ. ನಾಯಿ ಬಂತು, ಅಣ್ಣ ಬಂದ, ಅಕ್ಕ ಬಂದಳು, ಅಜ್ಜಿ ಬಂದರು. ಮಗುವಿಗೆ ಮಾತ್ರ ವಿನಾಯಿತಿ, ಮಗು ಅಳ್ತಾ ಇದೆ ಅಂತೀವಿ.

ಊಟಕ್ಕೆ ತಟ್ಟೆ ಇಡುವ ಕೆಲಸ ಅವನಿಗೇ ಕೊಡಿ. "ತಟ್ಟೆ ಎಷ್ಟು?" "ಮೂರು." "ಊಟಕ್ಕೆ ಎಷ್ಟು ಜನ?" "ಮೂವರು." ದಿನಾ ಎರಡೇ ನಿಮಿಷ. ತಪ್ಪು ಅನ್ನಲೇಬೇಡಿ. ಎರಡು ಅಂಕಲ್ ಬಂತು ಅಂದರೆ "ಓ, ಇಬ್ಬರು ಅಂಕಲ್ ಬಂದ್ರಾ? ಕೂರಿಸು" ಅಂತ ಸರಿಯಾದದ್ದನ್ನೇ ವಾಪಸ್ ಕೊಡಿ. ಜೂನ್ ಹೊತ್ತಿಗೆ ಕಿವಿಗೆ ಕೂತಿರುತ್ತೆ.

ಮೈಸೂರು – ಬೇ ಏರಿಯಾ:
ಮಗುವನ್ನು ತಿದ್ದುವ ಮೊದಲು ನಾವು ತಿದ್ದಿಕೊಳ್ಳಬೇಕು. ಅಂಕಲ್ ಅಂತ ಕಲಿಸಿದ್ದು ಯಾರು? ನಾವೇ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಪಕ್ಕದ ಮನೆಯವರು, ಎಲ್ಲರೂ ಒಂದೇ ಅಂಕಲ್. ಹಾಗಾದ ಮೇಲೆ ಮಗುವಿಗೆ ಅವರು ಒಂದು, ಎರಡು ಅಂತಲೇ ಕಾಣುತ್ತಾರೆ. ನಾನು 1998ರಲ್ಲಿ ಬಂದವನು. ಮನೆಯೊಳಗೆ ಇಂಗ್ಲಿಷ್ ಇಲ್ಲ ಅಂದರೆ ಇಲ್ಲ. ಶೂ ಬಿಡುವ ಕಡೆ ಇಂಗ್ಲಿಷೂ ಬಿಟ್ಟು ಬಾ ಅಂತಿದ್ದೆ. ಹೆಣ್ಣುಮಕ್ಕಳು ಅತ್ತರು, ಜಗಳ ಆಡಿದರು. ಇವತ್ತು ಇಬ್ಬರೂ ಮೈಸೂರಿಗೆ ಹೋದರೆ ನಮ್ಮಮ್ಮನ ಹತ್ತಿರ ಗಂಟೆಗಟ್ಟಲೆ ಹರಟುತ್ತಾರೆ. ಎರಡು ನಿಮಿಷದ ಆಟದಿಂದ ಭಾಷೆ ಬರಲ್ಲ. ಕಟ್ಟುನಿಟ್ಟು ಬೇಕು.

ತುಮಕೂರು – ಟೊರೊಂಟೊ:
ನೂರಕ್ಕೆ ನೂರು ನಿಜ ಸರ್.

ಕೋಲಾರ – ಚಿಕಾಗೊ:
ನಾವೂ ಹೀಗೇ ಮಾಡಿದೆವು. ಮಗ ಹದಿಮೂರಕ್ಕೆ ಮನೇಲಿ ಮಾತಾಡುವುದನ್ನೇ ಬಿಟ್ಟ. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಈಗ ಅವನಿಗೆ ಇಪ್ಪತ್ತಾರು. ಫೋನ್ ಮಾಡಿದರೆ "ಐಯಾಮ್ ಫೈನ್ ಅಪ್ಪ" ಅಂತಾನೆ. ಆ ಅಪ್ಪ ಒಂದು ಉಳಿದಿದೆ.

ಮೈಸೂರು – ಬೇ ಏರಿಯಾ:
ಮಧ್ಯದಲ್ಲಿ ಕೈಬಿಟ್ಟರೆ ಹಾಗೇ ಆಗುವುದು ಸರ್. ಬಿಡಬಾರದು.

ಮಂಗಳೂರು – ರೆಡಿಂಗ್:
ನಿಮ್ಮ ಅತ್ತೆಯವರ ಪ್ರಶ್ನೆಗೆ ಒಂದು ವಿಷಯ. ಗೈ ಅನ್ನುವುದು 1605ರಲ್ಲಿ ಇಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಸಿಡಿಮದ್ದು ಇಡಲು ಹೋಗಿ ಸಿಕ್ಕಿಬಿದ್ದ ಗೈ ಫಾಕ್ಸ್ ಹೆಸರಿನಿಂದ ಬಂದ ಪದ. ಪ್ರತಿ ನವೆಂಬರ್ 5ಕ್ಕೆ ಹಳೇ ಬಟ್ಟೆ ತುಂಬಿ ಅವನ ಗೊಂಬೆ ಮಾಡಿ ಸುಡುತ್ತಿದ್ದರು. ಆ ಗೊಂಬೆಗೇ ಗೈ ಅಂತ ಹೆಸರು. ಆಮೇಲೆ ವಿಚಿತ್ರವಾಗಿ ಬಟ್ಟೆ ಹಾಕಿದವರಿಗೆ ಆ ಹೆಸರಾಯಿತು. ಅಮೆರಿಕದಲ್ಲಿ ಯಾವ ಗಂಡಸಿಗೂ ಆಯಿತು, ಈಗ ಗುಂಪಾಗಿ ಕರೆಯುವಾಗ ಹೆಂಗಸರಿಗೂ ಸೇರಿಸಿ. ಹುಡುಗ ಅಗೌರವದಿಂದ ಹೇಳಿದ್ದಲ್ಲ ಅಂತ ಅತ್ತೆಯವರಿಗೆ ಸಮಾಧಾನ ಹೇಳಿ. ಕಿಡ್ ಅಂದರೂ ಮೊದಲು ಮೇಕೆ ಮರಿ. ನಾವೂ ಮಕ್ಕಳನ್ನು ಮರಿ ಅಂತೀವಿ, ಅಲ್ವಾ? ನಮ್ಮಜ್ಜಿ ಕೊನೆತನಕ ನನ್ನನ್ನು ಮರಿ ಅಂತಲೇ ಕರೆದರು. ನನಗೆ ಆಗ ನಲವತ್ತೊಂದು.

ದಾವಣಗೆರೆ – ಅಟ್ಲಾಂಟಾ:
ಇಂಗ್ಲಿಷಿನಲ್ಲಿ ಮನುಷ್ಯನಿಗೆ ಎಷ್ಟು ಪದ ಅಂತ ಎಣಿಸುತ್ತಿದ್ದೀರಿ. ನಮ್ಮ ವೀಸಾ ಫೈಲಿನಲ್ಲಿರುವುದನ್ನೂ ಸೇರಿಸಿ. ಅರ್ಜಿ ಹಾಕಿದ ಕಂಪನಿ ಪೆಟಿಷನರ್, ಅದರ ಫಲ ಪಡೆಯುವ ನಾನು ಬೆನಿಫಿಷಿಯರಿ, ನನ್ನನ್ನು ನೆಚ್ಚಿಕೊಂಡ ಹೆಂಡತಿ ಮಕ್ಕಳು ಡಿಪೆಂಡೆಂಟ್. ಟ್ಯಾಕ್ಸ್ ಕಟ್ಟುವಾಗ ರೆಸಿಡೆಂಟ್ ಏಲಿಯನ್, ಅಂದರೆ ಇಲ್ಲಿ ವಾಸವಿರುವ ಪರಕೀಯ. 2021ರಲ್ಲಿ ಸರ್ಕಾರದವರು ಏಲಿಯನ್ ಬದಲು ನಾನ್‌ಸಿಟಿಜನ್ ಅಂತ ಬಳಸಿ ಅಂದರು, ಕಾನೂನಿನಲ್ಲಿ ಹಳೇ ಪದ ಹಾಗೇ ಉಳಿಯಿತು. ಮಗಳು ಮೂರು ವರ್ಷಕ್ಕೆ ಬಂದವಳು. 21 ತುಂಬಿದ ದಿನ ಎಚ್-4 (ಕೆಲಸದ ವೀಸಾದವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ) ಡಿಪೆಂಡೆಂಟ್ ಅನ್ನುವುದೂ ಹೋಯಿತು. ಇಲ್ಲಿ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡ್ ಸಾಲು ಮುಂದೆ ಹೋಗಲೇ ಇಲ್ಲ. ಈಗ ಎಫ್-1, ವಿದ್ಯಾರ್ಥಿ ವೀಸಾ. ತಾನು ಬೆಳೆದ ಊರಿನಲ್ಲೇ ಇಂಟರ್‌ನ್ಯಾಷನಲ್ ಸ್ಟೂಡೆಂಟ್. ಆ ದಿನ ಕೇಕ್ ಕತ್ತರಿಸಿದೆವು, ಯಾರೂ ಮಾತಾಡಲಿಲ್ಲ. ಒಬ್ಬಳು ಅನ್ನುವ ಪದದ ಬಗ್ಗೆ ಶಿವಮೊಗ್ಗದ ಮೇಡಂ ಬರೆದಿದ್ದನ್ನು ಹೆಂಡತಿಗೂ ಓದಿ ಹೇಳಿದೆ.

ಮೈಸೂರು – ಬೇ ಏರಿಯಾ:
ಸರ್, ಕಷ್ಟ ಅರ್ಥವಾಗುತ್ತೆ. ಆದರೆ ವೀಸಾ ವಿಷಯ ಬೇರೆ, ಭಾಷೆ ಬೇರೆ. ಮನೆಯಲ್ಲಿ ಕನ್ನಡ ಗಟ್ಟಿ ಇದ್ದರೆ ಮಕ್ಕಳು ಎಲ್ಲಿದ್ದರೂ ಬೇರು ಇರುತ್ತೆ.

ದಾವಣಗೆರೆ – ಅಟ್ಲಾಂಟಾ:
ನನ್ನ ಮಗಳು ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ ಸರ್. ನಾನು ಹೇಳಿದ್ದು ಅದಲ್ಲ.

ಬೆಂಗಳೂರು – ಆಸ್ಟಿನ್:
21 ತುಂಬಿದಾಗ ಮಕ್ಕಳ ವೀಸಾ ಹೋಗುವ ಈ ಏಜ್ ಔಟ್ ಬಗ್ಗೆ ಬೇರೆ ಪೋಸ್ಟ್ ಹಾಕೋಣವಾ? ನಮ್ಮ ಮಗನಿಗೂ ಈಗ ಹತ್ತೊಂಬತ್ತು.

ಹಾಸನ – ಡಲ್ಲಾಸ್:
ಎಲ್ಲರಿಗೂ ಥ್ಯಾಂಕ್ಸ್. ಇಂಗ್ಲಿಷ್ ಪೂರ್ತಿ ನಿಲ್ಲಿಸುವ ಧೈರ್ಯ ನನಗಿಲ್ಲ ಸರ್. ನನ್ನ ಗಂಡ ಹುಬ್ಬಳ್ಳಿಯಲ್ಲಿ ಓದುವಾಗ ಇಂಗ್ಲಿಷ್ ಬರದೆ ತುಂಬಾ ಕಷ್ಟಪಟ್ಟುಬಿಟ್ಟಿದ್ದಾರೆ. ತಟ್ಟೆ ಆಟ ನಿನ್ನೆ ರಾತ್ರಿ ಶುರು ಮಾಡಿದೆ. ಸ್ಟೀಲ್ ತಟ್ಟೆ ಮೂರು ಇಟ್ಟ. ಎಷ್ಟು ಜನ ಅಂದರೆ "ಮೂರು" ಅಂದ. "ಹೌದು, ಮೂವರು" ಅಂದೆ. ಅವನು ಬಾಯಲ್ಲೇ "ಮೂವರು, ಮೂವರು" ಅಂದುಕೊಂಡ. ಆಮೇಲೆ ಒಳಗೆ ಹೋಗಿ ಇನ್ನೂ ಎರಡು ತಟ್ಟೆ ತಂದು ಕಿಟಕಿ ಪಕ್ಕ ಇಟ್ಟ. ಯಾರಿಗೋ ಅಂದೆ. "ಜೂನ್‌ಗೆ" ಅಂದ.

ಶಿವಮೊಗ್ಗದ ಮೇಡಂ, ಆಗ ಐವರು ಅಂತ ಹೇಳಿಕೊಡಲಾ, ಐದು ಜನ ಅಂದರೆ ಸಾಕಾ?

ಶಿವಮೊಗ್ಗ – ಸಿಯಾಟಲ್:
ಐದು ಜನ ಅಂದರೂ ಸರಿಯೇ. ಮಾತಿನಲ್ಲಿ ನಾವೆಲ್ಲ ಅದನ್ನೇ ಹೇಳುವುದು. ಆದರೆ ಇಬ್ಬರು ಅಜ್ಜಿಯರು ಅನ್ನುವುದನ್ನು ಮಾತ್ರ ಬಿಡಬೇಡಿ.