ಕನ್ನಡ ಪ್ರಾಂಪ್ಟ್‌ಗಳನ್ನು ಗಿಟ್‌ನಲ್ಲಿ ಇಡುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ (ಹಾವೇರಿ):
ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಆವಕ ಮತ್ತು ದರಪಟ್ಟಿಯನ್ನು ಆಧರಿಸಿ ರೈತರಿಗಾಗಿ ಕನ್ನಡದಲ್ಲಿ ಕಿರುವರದಿ ಸಿದ್ಧಪಡಿಸಲು ನಾವು ಕೆಲವರು ಎಐ ಬಳಸುತ್ತಿದ್ದೇವೆ. ಡಬ್ಬಿ ಮತ್ತು ಕಡ್ಡಿ ತಳಿಗಳ ದರಗಳನ್ನು ಬೆರೆಸಬಾರದು, ಪಟ್ಟಿಯಲ್ಲಿಲ್ಲದ ಅಂಕಿಯನ್ನು ಸೇರಿಸಬಾರದು ಎಂಬಂಥ ಸೂಚನೆಗಳು ಕೂಡುತ್ತ ಹೋಗಿ, ಎಐಗೆ ಕೊಡುವ ಪ್ರಾಂಪ್ಟ್ ಬಹಳ ಉದ್ದವಾಗಿದೆ. ಒಬ್ಬೊಬ್ಬರ ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದು ಪ್ರತಿ ಇರುವುದರಿಂದ ಅದನ್ನು, ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ಗೆ ಸೇರಿಸಲು ಹೊರಟಿದ್ದೇವೆ. ಆದರೆ ಒಂದೇ ಪದ ತಿದ್ದಿದರೂ, ಹಳೆಯ ಮತ್ತು ಹೊಸ ಪ್ರತಿಗಳ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ಇಡೀ ಪ್ಯಾರಾ ಬದಲಾದಂತೆ ಕಾಣುತ್ತದೆ. ಇದಕ್ಕೆ ಪರಿಹಾರವೇನು?

ಉತ್ತರ (ಧಾರವಾಡ):
ಲಿನಕ್ಸ್ ಕರ್ನಲ್‌ನ ಕೋಡ್‌ಗಾಗಿ ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್, ವ್ಯತ್ಯಾಸವನ್ನು ಸಾಲು ಸಾಲಾಗಿ ತೋರಿಸುತ್ತದೆ. ಆದ್ದರಿಂದ ಒಂದು ವಾಕ್ಯಕ್ಕೆ ಒಂದು ಸಾಲಿನಂತೆ ಬರೆಯಿರಿ. ವರ್ಡ್-ಡಿಫ್ ಆಯ್ಕೆ ಬಳಸಿದರೆ ಬದಲಾದ ಪದವಷ್ಟೇ ಎದ್ದು ಕಾಣುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಎಐ ಮಾದರಿಯ ಪೂರ್ಣ ಆವೃತ್ತಿಯ ಹೆಸರು ಮತ್ತು ಉತ್ತರಗಳು ಎಷ್ಟು ಬದಲಾಗಬಹುದೆಂಬುದನ್ನು ನಿಯಂತ್ರಿಸುವ ಟೆಂಪರೇಚರ್ ಮೌಲ್ಯವನ್ನು ಅದೇ ಕಡತದ ತಲೆಯಲ್ಲಿ ಬರೆದಿಡುವುದು. ಪ್ರಾಂಪ್ಟ್‌ನ ಒಂದಕ್ಷರವೂ ಬದಲಾಗದೆ, ಮಾದರಿ ಬದಲಾದ ಮಾತ್ರಕ್ಕೇ ವರದಿಯ ಧಾಟಿ ಬೇರೆಯಾಗಬಹುದು. ಆಗ ಕಾರಣ ಹುಡುಕಲು ಈ ಎರಡು ಸಾಲುಗಳೇ ಆಧಾರ. ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ (ಕಮಿಟ್) ಬರೆಯುವ ಸಂದೇಶದಲ್ಲಿಯೂ ‘ತಿದ್ದಲಾಗಿದೆ’ ಎಂದಷ್ಟೇ ಬರೆಯದೆ, ಯಾವ ತಪ್ಪು ಉತ್ತರವನ್ನು ತಡೆಯಲು ಆ ಸೂಚನೆ ಸೇರಿತು ಎಂಬುದನ್ನು ತಿಳಿಸಿ.

ಉತ್ತರ (ಗದಗ):
ಕನ್ನಡಕ್ಕೇ ಸಂಬಂಧಿಸಿದ ಒಂದು ತೊಡಕಿದೆ. ಯುನಿಕೋಡ್‌ನಲ್ಲಿ ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಚಿಹ್ನೆಗಳ ಜೋಡಿಯಾಗಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ. ಗಿಟ್‌ಗೆ ಮಾತ್ರ ಬೇರೆ ಬೇರೆ. ಬೇರೆ ಬೇರೆ ಸಾಧನಗಳಲ್ಲಿ ಟೈಪ್ ಮಾಡುವವರಿದ್ದರೆ, ಕಮಿಟ್‌ಗೆ ಮೊದಲು ಪಠ್ಯವನ್ನು, ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತರುವ ಸಣ್ಣ ಸ್ಕ್ರಿಪ್ಟ್ ಇರಲಿ. ಕಡತದ ಹೆಸರು ಕನ್ನಡದಲ್ಲಿದ್ದು ಅಂಕಿಗಳ ಸಾಲಾಗಿ ಕಾಣುತ್ತಿದ್ದರೆ, ಗಿಟ್‌ನ ಕೋರ್.ಕೋಟ್‌ಪಾತ್ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡಿದರೆ ಸಾಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಳೆಯ ದರಪಟ್ಟಿಗಳನ್ನೂ ಅಲ್ಲಿಯೇ ಇಡಬೇಕೇ?

ಉತ್ತರ (ಹುಬ್ಬಳ್ಳಿ):
ಖಂಡಿತ ಇಡಿ, ಆದರೆ ಎಲ್ಲವನ್ನೂ ಅಲ್ಲ. ಒಂದು ತಳಿಯ ದರವೇ ಬಾರದ ದಿನದಂಥ ಕಠಿಣ ಪಟ್ಟಿಗಳನ್ನು ಆಯ್ದು, ಮಾರುಕಟ್ಟೆ ಬಲ್ಲವರು ಒಪ್ಪಿದ ವರದಿಗಳನ್ನು ಅವುಗಳ ಜೊತೆಗಿರಿಸಿ. ಪ್ರಾಂಪ್ಟ್ ತಿದ್ದಿದಾಗಲೆಲ್ಲ ಆ ಪಟ್ಟಿಗಳ ಮೇಲೆ ಓಡಿಸಿ, ಅಂಕಿಗಳನ್ನು ತಾಳೆ ನೋಡಿದ ಮೇಲೆಯೇ ಎಲ್ಲರೂ ಬಳಸುವ ಮುಖ್ಯ ಶಾಖೆಗೆ ಸೇರಿಸಿ. ಎಪಿಐ ಕೀ (ಎಐ ಸೇವೆ ಬಳಸಲು ಬೇಕಾದ ಗುಪ್ತ ಸಂಕೇತ) ಮತ್ತು ರೈತರ ಫೋನ್ ಸಂಖ್ಯೆಗಳು ಮಾತ್ರ ಮೊದಲ ಕಮಿಟ್‌ನಿಂದಲೇ ಹೊರಗಿರಬೇಕು, ಏಕೆಂದರೆ ಮುಂದೆ ಅಳಿಸಿದರೂ ಅವು ಇತಿಹಾಸದಲ್ಲಿ ಉಳಿದುಕೊಳ್ಳುತ್ತವೆ.