ಕತೆಯೊಳಗಿನ ಹೊಸ ಪದಗಳನ್ನು ಕನ್ನಡದಲ್ಲಿ ಹೇಗೆ ಬರೆಯುತ್ತೀರಿ?

ಮಂಗಳೂರಿನಿಂದ ಪ್ರಶ್ನೆ:
ಹ್ಯಾರಿ ಪಾಟರ್ ಲೋಕ ಇಟ್ಟುಕೊಂಡು ಕನ್ನಡದಲ್ಲಿ ಫ್ಯಾನ್ ಫಿಕ್ಷನ್ ಬರೆಯುತ್ತಿದ್ದೇನೆ. ಕತೆ ನಡೆಯುವುದು ಅಲ್ಲಿನ ಮಾಂತ್ರಿಕ ಶಾಲೆ ಹಾಗ್ವಾರ್ಟ್ಸ್‌ನಲ್ಲೇ, ಪಣಂಬೂರಿನಲ್ಲಲ್ಲ. ಮಗಲ್ (ಮಂತ್ರವಿದ್ಯೆ ಇಲ್ಲದ ಮನುಷ್ಯ), ಕ್ವಿಡಿಚ್ (ಪೊರಕೆ ಮೇಲೆ ಹಾರುತ್ತ ಆಡುವ ಆಟ), ಹಾರ್‌ಕ್ರಕ್ಸ್ (ಆತ್ಮದ ತುಂಡು ಅಡಗಿಸಿಟ್ಟ ವಸ್ತು) ಇಂಥ ಪದಗಳಿಗೆ ಪ್ರತಿ ಸಲ ಕೋಟ್ ಹಾಕಬೇಕಾ? ಒತ್ತಕ್ಷರ, ಹೈಫನ್ ಏನು ಮಾಡುತ್ತೀರಿ? ಬರೆದು ಅನುಭವ ಇರುವವರು ಹೇಳಿ.

ಉಡುಪಿಯಿಂದ:
ಕೋಟ್ ವಿಚಾರ ಆಮೇಲೆ. ಮೊದಲು ಪದಕ್ಕೆ ವಿಭಕ್ತಿ ಹಚ್ಚಿ ನೋಡಿ. ಗೆ, ಇಂದ, ಅಲ್ಲಿ ಅಂತ ಏನಾದರೂ ಬಾಲ ಬಂದೇ ಬರುತ್ತದೆ. ‘ಕ್ವಿಡಿಚ್’ ನೋಡಲು ಚೆನ್ನಾಗಿದೆ. ‘ಕ್ವಿಡಿಚ್ನಲ್ಲಿ’ ಅಂದಾಗ ಚಕಾರದ ಕೆಳಗೆ ನಕಾರ ಜೋತು ಬೀಳುತ್ತದೆ, ಓದುವವರು ತಡವರಿಸುತ್ತಾರೆ. ಬಸ್ಸು, ಬೋಟು ಮಾಡಿಕೊಂಡಂತೆ ‘ಕ್ವಿಡಿಚ್ಚು, ಕ್ವಿಡಿಚ್ಚಿನಲ್ಲಿ’ ಮಾಡಬಹುದು. ಸಂಭಾಷಣೆಯಲ್ಲಿ ಸಲೀಸು. ಆದರೆ ವ್ಯಕ್ತಿಗಳ ಹೆಸರನ್ನು ಹೀಗೆ ಪೂರ್ತಿ ಕನ್ನಡ ಮಾಡಲು ಹೋಗಬೇಡಿ ಮಾರಾಯ್ರೆ. ‘ಸ್ನೇಪನು ನುಡಿದನು’ ಅಂದ ಕೂಡಲೇ ಚೆಂಡೆ ಮದ್ದಳೆ ಕೇಳಿಸುತ್ತದೆ. ನಾನು ‘ಸ್ನೇಪ್ ಹೇಳಿದ’, ‘ಸ್ನೇಪ್‌ಗೆ’ ಅಂತಲೇ ಬರೆಯುತ್ತೇನೆ. ಹರ್ಮಯನಿಯದು ತಲೆಬಿಸಿ ಇಲ್ಲ, ಇಕಾರದಲ್ಲಿ ಮುಗಿಯುತ್ತದೆ.

ಸುರತ್ಕಲ್‌ನಿಂದ:
ಆ ‘ಸ್ನೇಪ್‌ಗೆ’ ಬಿಡಿಯಾಗಿ ಕಾಣಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನುತ್ತಾರೆ, ಯೂನಿಕೋಡ್‌ನಲ್ಲಿ 200ಸಿ. ಹಾಕದಿದ್ದರೆ ‘ಸ್ನೇಪ್ಗೆ’. ಹಾರ್‌ಕ್ರಕ್ಸ್ ಇನ್ನೂ ಫಜೀತಿ. ‘ಹಾರ್ಕ್ರಕ್ಸ್’ ನೋಡಿ: ಒಂದೇ ಕಕಾರಕ್ಕೆ ಕೆಳಗೆ ರ ಒತ್ತು, ಪಕ್ಕದಲ್ಲಿ ಅರ್ಕಾವೊತ್ತು. ಒಂದು ಅಧ್ಯಾಯ ಫೋನ್‌ನಲ್ಲಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದರೆ ಆ ಗುಪ್ತ ಅಕ್ಷರ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದೆ ಹೋಗಬಹುದು. ಆಮೇಲೆ ಪದ ಹುಡುಕಿ ಬದಲಾಯಿಸಲು ಹೊರಟರೆ ಅರ್ಧ ಮಾತ್ರ ಸಿಗುತ್ತದೆ.

ಮಣಿಪಾಲದಿಂದ:
ಇಂಗ್ಲಿಷ್‌ನಲ್ಲಿ ಮಗಲ್, ಕ್ವಿಡಿಚ್ ಎರಡಕ್ಕೂ ಮೊದಲಕ್ಷರ ದೊಡ್ಡದು. ನಮಗೆ ಆ ಸೌಕರ್ಯ ಇಲ್ಲ, ಅದಕ್ಕೇ ಕೋಟ್ ಹಾಕಲು ಕೈ ತುರಿಸುತ್ತದೆ. ನಾನು ಮೊದಲ ಸಲಕ್ಕೆ ಮಾತ್ರ ಹಾಕುತ್ತೇನೆ. ಮಾಂತ್ರಿಕ ಲೋಕದ ಹ್ಯಾಗ್ರಿಡ್‌ಗೆ ಮಗಲ್ ಅನ್ನುವುದು ದಿನಾ ಆಡುವ ಮಾತು. ಅದನ್ನು ಕೋಟ್ ಒಳಗೆ ಇಟ್ಟರೆ ಅವನು ಕುಹಕ ಆಡಿದ ಹಾಗಾಗುತ್ತದೆ. ಮಂತ್ರಗಳಿಗೆ ಮಾತ್ರ ಕೋಟ್ ಇರಲಿ. ಇಟಾಲಿಕ್ ಬೇಡ, ಕನ್ನಡ ಅಕ್ಷರ ಓರೆ ಮಾಡಿದರೆ ಒತ್ತುಗಳು ಕಲಸಿಹೋಗುತ್ತವೆ.

ಖಳನಾಯಕ ವೊಲ್ಡೆಮಾರ್ಟ್‌ನನ್ನು ಹೆಸರು ಹೇಳದೆ ಕರೆಯುವ ಆ ಉದ್ದದ ಪದಕ್ಕೆ (He-Who-Must-Not-Be-Named) ಇಂಗ್ಲಿಷ್‌ನಲ್ಲಿ ಐದು ಹೈಫನ್. ನಮ್ಮಲ್ಲಿ ‘ಹೆಸರೆತ್ತಬಾರದವನು’, ಮುಗಿಯಿತು. ರಾತ್ರಿ ಹಾವಿನ ಹೆಸರು ಹೇಳಿ ಬೈಸಿಕೊಂಡವರಿಗೆ ವಿವರಣೆಯೂ ಬೇಡ.

ಕುಂದಾಪುರದಿಂದ:
ಕ್ವಿಡಿಚ್ಚು ನನಗೆ ಒಪ್ಪಿಗೆ ಇಲ್ಲ, ನಗು ಬರುತ್ತದೆ. ಏನೇ ಮಾಡಿ, ಒಂದು ಪಟ್ಟಿ ಇಟ್ಟುಕೊಳ್ಳಿ: ಪದ, ಬಹುವಚನ, ‘ಗೆ’ ಹಚ್ಚಿದ ರೂಪ. ‘ಮಗಲ್‌ಗಳು’ ಬೇಡ, ಅವರೂ ಮನುಷ್ಯರೇ ಅಲ್ವಾ, ‘ಮಗಲರು’ ಅನ್ನಿ. ಇಂಗ್ಲಿಷ್ ಎಫ್ ಉಚ್ಚಾರಕ್ಕೆ ಫಕಾರದ ಕೆಳಗೆ ಇಡುವ ಚುಕ್ಕಿಯನ್ನೂ ಆಗಲೇ ತೀರ್ಮಾನ ಮಾಡಿ. ಒಂದು ಕಡೆ ‘ಮಾಲ್ಫಾಯ್’, ಇನ್ನೊಂದು ಕಡೆ ‘ಮಾಲ್‌ಫ಼ಾಯ್’ ಆದರೆ ಅಣ್ಣ ತಮ್ಮ ಅಂದುಕೊಳ್ಳುತ್ತಾರೆ. ನಾನಂತೂ ಚುಕ್ಕಿ ಬಿಟ್ಟಿದ್ದೇನೆ. ಫೋನಿನಲ್ಲಿ ಅದು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಕತೆಯ ಓಟ ತಪ್ಪುತ್ತದೆ.